ಸಿಕ್ಕಿಕೊಂಡ ಶೆಲ್ಲು: ಫ್ರೀಜರ್, ಆಯಸ್ಕಾಂತ, ದಬ್ಬೆ, ವಿನೆಗರ್

ನಮ್ಮ ಮಲೆನಾಡಿನ ಸಾಗರದ ಕಡೆ ಹಳಬರು ಟಾರ್ಚಿಗೇ ಬ್ಯಾಟ್ರಿ ಅನ್ನುತ್ತಾರೆ. ಒಳಗಿರುವುದು ಶೆಲ್ಲು, ಅಂದರೆ ಸೆಲ್. ‘ಬ್ಯಾಟ್ರಿಯೊಳಗೆ ಶೆಲ್ಲು ಸಿಕ್ಕಿಕೊಂಡಿದೆ’ ಅಂದಾಗ ಅಪ್ಪ ಟಾರ್ಚನ್ನು ಕಸಿದುಕೊಂಡು ಕಟ್ಟೆಗೆ ಕುಟ್ಟಲು ಹೊರಟರು. ತಡೆದೆ. ಈ ಮಳೆಗಾಲದಲ್ಲಿ ಒಂದಲ್ಲ, ಎರಡು ಟಾರ್ಚ್ ಹೀಗಾದವು. ನೋಡಲು ಎರಡರದ್ದೂ ಒಂದೇ ಕಾಯಿಲೆ. ಕಾರಣ ಮಾತ್ರ ಬೇರೆ ಬೇರೆ. ಅದು ಗೊತ್ತಾಗುವಷ್ಟರಲ್ಲಿ ಎರಡು ದಿನ ಹೋಯಿತು.

ಮೊದಲನೆಯದು ರಾತ್ರಿ ತೋಟಕ್ಕೆ ಒಯ್ಯುವ ಟಾರ್ಚ್. ಅದರಲ್ಲಿ ಒಂದು 18650 ಲಿಥಿಯಂ ಸೆಲ್. ಹೆಸರಲ್ಲೇ ಅಳತೆ ಇದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಇದು ಸಿಕ್ಕಿಕೊಂಡಿದ್ದು ನನ್ನ ಬುದ್ಧಿವಂತಿಕೆಯಿಂದ. ಯಾವತ್ತು ಕೊಂಡಿದ್ದು ಅಂತ ನೆನಪಿರಲಿ ಎಂದು ಕಾಗದದ ಚೀಟಿಗೆ ತಾರೀಖು ಬರೆದು ಸೆಲ್ಲಿಗೆ ಸುತ್ತಿ ಅಂಟಿಸಿದ್ದೆ. ಕೊಳವೆ ಮೊದಲೇ ಬಿಗಿ. ಹಾಕುವಾಗ ಹೇಗೋ ಒಳಗೆ ಹೋಯಿತು. ಆಮೇಲೆ ಟಾರ್ಚ್ ಬಿಸಿಯಾಗಿ ಅಂಟು ಕರಗಿತು, ಚೀಟಿ ಸುಕ್ಕಾಗಿ ಬೆಣೆ ಹೊಡೆದ ಹಾಗೆ ಕೂತಿತು.

ಎರಡನೆಯದು ಕೊಟ್ಟಿಗೆಯ ಗೂಡಿನಲ್ಲಿ ಒಂದು ವರ್ಷ ಬಿದ್ದಿದ್ದ ಸಣ್ಣ ಟಾರ್ಚ್. ಒಂದರ ಹಿಂದೆ ಒಂದು ಎರಡು ಡಬಲ್ ಎ ಸೈಜಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಅಂದರೆ ಮಾಮೂಲಿ 1.2 ವೋಲ್ಟಿನ ರೀಚಾರ್ಜಬಲ್. ಮುಚ್ಚಳ ತೆಗೆದರೆ ಬಾಯಿ ತುಂಬ ಬಿಳಿ ಪುಡಿ.

ಮೊದಲು ತೋಟದ ಟಾರ್ಚ್. ಅಂಗೈಗೆ ತಟ್ಟಿದೆ, ಅಲುಗಾಡಲಿಲ್ಲ. ಫ್ರೀಜರಿನಲ್ಲಿಟ್ಟರೆ ಸೆಲ್ ಕುಗ್ಗಿ ಸಡಿಲವಾಗುತ್ತದೆ ಅಂತ ಗೆಳೆಯನೊಬ್ಬ ಹೇಳಿದ. ಒಂದು ಗಂಟೆ ಇಟ್ಟೆ. ಏನೂ ಆಗಲಿಲ್ಲ. ಆಮೇಲೆ ಕೂತು ಯೋಚಿಸಿದಾಗ ನಗು ಬಂತು. ಸೆಲ್ಲಿನ ಹೊರಮೈ ಉಕ್ಕು, ಟಾರ್ಚಿನ ಕೊಳವೆ ಅಲ್ಯೂಮಿನಿಯಂ. ತಣ್ಣಗಾದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಕುಗ್ಗುತ್ತದೆ. ಅಂದರೆ ಫ್ರೀಜರ್ ಹಿಡಿತವನ್ನು ಬಿಗಿ ಮಾಡುತ್ತದೆಯೇ ಹೊರತು ಸಡಿಲ ಮಾಡುವುದಿಲ್ಲ! ಆ ವ್ಯತ್ಯಾಸವೂ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿಲ್ಲ ಅನ್ನಿ. ಹೊರಗೆ ತೆಗೆದ ಮೇಲೆ ಮಲೆನಾಡಿನ ತೇವದ ಗಾಳಿಗೆ ಟಾರ್ಚಿನ ಒಳಗೆಲ್ಲ ನೀರಿನ ಹನಿ ಕೂತಿದ್ದೇ ಲಾಭ. ಈ ಉಪಾಯಕ್ಕೆ ನನ್ನ ಕಡೆಯಿಂದ ಸೊನ್ನೆ.

ಆಯಸ್ಕಾಂತ ನೋಡಲು ಚೆಂದ. ಸೆಲ್ಲಿನ ತುದಿ ಉಕ್ಕಾದ್ದರಿಂದ ಗಟ್ಟಿಯಾಗಿ ಹಿಡಿಯುತ್ತದೆ. 10 ಮಿ.ಮೀ. ಅಗಲದ ಬಿಲ್ಲೆಯಂಥ ನಿಯೋಡೈಮಿಯಂ ಆಯಸ್ಕಾಂತವನ್ನು ಉದ್ದದ ಬೋಲ್ಟಿಗೆ ಅಂಟಿಸಿ, ಸೆಲ್ಲಿನ ಚಪ್ಪಟೆ ತುದಿಗೆ ತಾಗಿಸಿ ಎಳೆದೆ. ಪ್ರತಿ ಸಲವೂ ಆಯಸ್ಕಾಂತ ಮಾತ್ರ ಕೈಗೆ ಬಂತು, ಸೆಲ್ ಅಲ್ಲೇ. ಸಡಿಲವಾಗಿದ್ದು ಕೈ ಬೆರಳು ತಲುಪದೇ ಇರುವ ಸೆಲ್ಲಿಗೆ ಇದು ಸಾಕು. ಬೆಣೆ ಬಿದ್ದದ್ದಕ್ಕೆ ಸಾಲದು.

ಚಿಮಟ ಹಾಕಿ ಸೆಲ್ಲಿನ ಇನ್ನೊಂದು ತುದಿಯಲ್ಲಿ ಉಬ್ಬಿರುವ ಗುಂಡಿಯ ಕಡೆಯಿಂದ ಎಳೆಯಲು ಮಾತ್ರ ಹೋಗಬೇಡಿ. ಆ ಗುಂಡಿ ಧನ (ಪ್ಲಸ್), ಅದರ ಸುತ್ತಲಿನ ಅಂಚು ಋಣ (ಮೈನಸ್). ನಡುವೆ ಇರುವುದು ತೆಳ್ಳಗಿನ ಒಂದು ಬಳೆ. ಚಿಮಟ ಎರಡಕ್ಕೂ ತಾಗಿದರೆ ಶಾರ್ಟ್ ಆಗುತ್ತದೆ. ಪೂರ್ತಿ ಚಾರ್ಜ್ ಆದ 4.2 ವೋಲ್ಟಿನ ಲಿಥಿಯಂ ಸೆಲ್ ಶಾರ್ಟ್ ಆದರೆ ಬೆಂಕಿಯೇ ಹತ್ತಬಹುದು. ಸೆಲ್ಲಿಗೇ ಸ್ಕ್ರೂ ಕೊರೆದು ಕೀಳುವುದು, ಡ್ರಿಲ್ ಹಾಕುವುದು ಇದಕ್ಕಿಂತ ಕೆಟ್ಟದ್ದು. ಅವೆರಡನ್ನೂ ನಾನು ಪ್ರಯತ್ನಿಸಿಲ್ಲ, ಪ್ರಯತ್ನಿಸುವುದೂ ಇಲ್ಲ.

ಕೊನೆಗೆ ಗೆದ್ದಿದ್ದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ಟಾರ್ಚಿನ ತಲೆಯೂ ಬಿಚ್ಚಿಕೊಳ್ಳುತ್ತದೆ ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹಳೇ ಸೈಕಲ್ ಟ್ಯೂಬಿನ ಎರಡು ತುಂಡನ್ನು ಎರಡೂ ಕಡೆ ಸುತ್ತಿ ಹಿಡಿದು ತಿರುಗಿಸಿದೆ. ರಬ್ಬರಿನ ಹಿಡಿತಕ್ಕೆ ಬಿಟ್ಟುಕೊಂಡಿತು. ಈಗ ಕೊಳವೆಗೆ ಎರಡೂ ಬಾಯಿ. ಒಣಗಿದ ದಬ್ಬೆಯನ್ನು ಸೆಲ್ಲಿಗಿಂತ ಸ್ವಲ್ಪ ಸಣ್ಣಗೆ, ತುದಿ ಸಪಾಟಾಗುವಂತೆ ಕೆತ್ತಿದೆ. ಬಚ್ಚಲ ಹಂಡೆಯ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೊಳವೆಗೆ ಸುತ್ತಿದೆ. ಕೈಗೆ ತಡೆಯುವಷ್ಟೇ ಬಿಸಿ, ಕುದಿಯುವ ನೀರಲ್ಲ. ಇಂಥ ಸೆಲ್ಲಿಗೆ ಸಾಮಾನ್ಯವಾಗಿ 60 ಡಿಗ್ರಿಯೇ ಮಿತಿ. ಬಿಸಿಯ ಕೆಲಸ ಲೋಹ ಹಿಗ್ಗಿಸುವುದಲ್ಲ, ಅಂಟು ಮೆತ್ತಗೆ ಮಾಡುವುದು. ಐದು ನಿಮಿಷ ಬಿಟ್ಟು ಸೆಲ್ಲಿನ ಚಪ್ಪಟೆ ತುದಿಯ ಕಡೆಯಿಂದ ದಬ್ಬೆಯಲ್ಲಿ ನಿಧಾನ ಒತ್ತಿದೆ. ಗುಂಡಿಯ ತುದಿಯಲ್ಲಿ ಒತ್ತಬಾರದು, ಒಳಗೆ ಒತ್ತಡ ಹೆಚ್ಚಾದರೆ ಅನಿಲ ಬಿಡುವ ಕಿಂಡಿ ಇರುವುದು ಅಲ್ಲೇ. ಸೆಲ್ ಜಾರುತ್ತಾ ಬಂತು, ಹಿಂದೆ ಉಂಡೆಯಾದ ಚೀಟಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಹರಿದಿತ್ತು. ಅದನ್ನು ಮತ್ತೆ ಬಳಸಲಿಲ್ಲ.

ಇಷ್ಟು ಸುಲಭವಾ ಅಂತ ಹುಮ್ಮಸ್ಸಿನಲ್ಲಿ ಅದೇ ದಬ್ಬೆಯನ್ನು ಕೊಟ್ಟಿಗೆಯ ಟಾರ್ಚಿಗೆ ಹಾಕಿದೆ. ದಬ್ಬೆ ಮುರಿಯಿತು.

ಅಲ್ಲಿ ಅಂಟಲ್ಲ, ತುಕ್ಕಿನಂಥದ್ದೇ ಇನ್ನೊಂದು. ಎರಡು ಸೆಲ್ ಸಾಲಾಗಿದ್ದಾಗ ಬಡವಾದದ್ದು ಮೊದಲು ಖಾಲಿಯಾಗುತ್ತದೆ. ಇನ್ನೊಂದು ಅದನ್ನು ಉಲ್ಟಾ ದೂಡುತ್ತಲೇ ಇರುತ್ತದೆ, ಅದು ಒಳಗಿನ ಕ್ಷಾರವನ್ನು ಕಕ್ಕುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅದು. ಅಲ್ಯೂಮಿನಿಯಮ್ಮನ್ನು ತಿಂದು, ಸಂದಿಯಲ್ಲೆಲ್ಲ ಉಬ್ಬಿ ಗಟ್ಟಿಯಾಗುತ್ತದೆ. ಇದಕ್ಕೆ ಹುಳಿಯೇ ಮದ್ದು. ಕೈಗವಸು, ಕನ್ನಡಕ ಹಾಕಿಕೊಂಡು ಮೊದಲು ನಿಂಬೆರಸ ಬಿಟ್ಟೆ. ಬುಸ್ಸೆಂದು ನೊರೆ ಬಂತು, ಕೆಲಸವೂ ಮಾಡಿತು. ಆದರೆ ಒಣಗಿದ ಮೇಲೆ ಜಿಗುಟು. ವಿನೆಗರ್ ಬಿಟ್ಟಾಗ ಹಾಗಾಗಲಿಲ್ಲ. ಹನಿ ಹನಿಯಾಗಿ ಬಿಟ್ಟು, ಅರ್ಧ ಗಂಟೆ ಕಾದು, ಬಟ್ಟೆಗೆ ತಟ್ಟಿ, ಮತ್ತೆ ಬಿಟ್ಟೆ. ಮೂರನೇ ಸುತ್ತಿಗೆ ಬಾಯಿಯ ಕಡೆಯ ಸೆಲ್ ಆಯಸ್ಕಾಂತಕ್ಕೆ ಅಂಟಿಕೊಂಡೇ ಹೊರಬಂತು. ತೋಟದ ಟಾರ್ಚಿನಲ್ಲಿ ಸೋತಿದ್ದ ಆಯಸ್ಕಾಂತ ಇಲ್ಲಿ ಮಾನ ಉಳಿಸಿಕೊಂಡಿತು. ಲಿಥಿಯಂ ಸೆಲ್ ಇರುವ ಟಾರ್ಚಿಗೆ ಮಾತ್ರ ಯಾವ ದ್ರವವನ್ನೂ ಬಿಡಬೇಡಿ.

ಒಳಗಿನ ಸೆಲ್ ಇನ್ನೂ ಬಂದಿಲ್ಲ. ಈ ಟಾರ್ಚಿನ ತಲೆ ಬಿಚ್ಚುವಂಥದ್ದಲ್ಲ, ಹಿಂದಿನಿಂದ ಒತ್ತಲು ದಾರಿಯೇ ಇಲ್ಲ. ವಿನೆಗರ್ ಬಿಟ್ಟು ಬಚ್ಚಲ ಕಿಟಕಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದೇನೆ. ಅಪ್ಪ ದಿನಕ್ಕೊಮ್ಮೆ ಅದನ್ನು ಎತ್ತಿ, ನಾನು ನೋಡುತ್ತಿಲ್ಲ ಅಂದುಕೊಂಡು, ಕಟ್ಟೆಗೆ ಎರಡು ಸಲ ಕುಟ್ಟಿ ಇಡುತ್ತಾರೆ.