ಇಂಟರ್‌ಸೆಸರ್ ಬೇಕೋ, ಟರ್ಮಿನೇಟರ್ ಬೇಕೋ?

ವಾರ್‌ಹ್ಯಾಮರ್ 40,000 ಎಂಬ, ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳಿಂದ ಆಡುವ ಯುದ್ಧದಾಟದ 10ನೇ ಆವೃತ್ತಿಯಲ್ಲಿ (2023) ಸ್ಪೇಸ್ ಮರೀನ್ ಪಡೆ ಕಟ್ಟುವವರಿಗೆ ಮೊದಲ ಗೊಂದಲ ಇದೇ. ಎರಡೂ ಆ ಪಡೆಯ ಸೈನಿಕ ತಂಡಗಳು.

ಠಾಣೆ (ಮೇಜಿನ ಮೇಲೆ ವಶಪಡಿಸಿಕೊಳ್ಳಬೇಕಾದ ಜಾಗದ ಗುರುತು) ಹಿಡಿಯುವ ಅಂಕ ಐದು ಇಂಟರ್‌ಸೆಸರ್‌ಗಳಿಗೆ 10, ಐದು ಟರ್ಮಿನೇಟರ್‌ಗಳಿಗೆ ಬರೀ 5. ಮೇಲಾಗಿ ಇಂಟರ್‌ಸೆಸರ್ ಹಿಡಿದ ಠಾಣೆ, ತಂಡ ಮುಂದೆ ಸಾಗಿದರೂ ಎದುರಾಳಿ ಬಂದು ಕಸಿಯುವವರೆಗೆ ನಿಮ್ಮದೇ. ಆದರೆ ನಿಮ್ಮ ಸರದಿಯ ಮೊದಲ ಭಾಗವಾದ ಕಮಾಂಡ್ ಹಂತ ಮುಗಿಯುವಾಗ ತಂಡ ಅಲ್ಲಿರಲೇಬೇಕು. ಹಾಗಾಗಿ ಠಾಣೆ ತಲುಪಿದ ಮೇಲೆ ಮುಂದಿನ ಸರದಿಯ ಕಮಾಂಡ್ ಹಂತ ಕಳೆದೇ ಹೊರಡಿ.

ತಾಳಿಕೆಯಲ್ಲಿ ಟರ್ಮಿನೇಟರ್‌ಗೆ ಸಾಟಿಯಿಲ್ಲ: 3 ಜೀವ, 2+ ಕವಚ (ದಾಳದಲ್ಲಿ 2 ಅಥವಾ ಹೆಚ್ಚು ಬಿದ್ದರೆ ಪೆಟ್ಟು ತಡೆಯುತ್ತದೆ), ಅದನ್ನು ಎಂಥ ಆಯುಧ ಸೀಳಿದರೂ ಉಳಿಯುವ 4+ ರಕ್ಷೆ. ಇಂಟರ್‌ಸೆಸರ್‌ಗೆ 2 ಜೀವ, 3+ ಕವಚ ಅಷ್ಟೇ. 2 ಹಾನಿಯ ಆಯುಧದ ಒಂದು ಪೆಟ್ಟು ಕವಚ ದಾಟಿದರೆ ಇಂಟರ್‌ಸೆಸರ್ ಮುಗಿದ. ಟರ್ಮಿನೇಟರ್‌ಗೆ ಎರಡು ಬೇಕು.

ಎಡವಟ್ಟಾಗುವುದು ಡೀಪ್ ಸ್ಟ್ರೈಕ್‌ನಲ್ಲಿ, ಅಂದರೆ ಟರ್ಮಿನೇಟರ್‌ಗಳನ್ನು ಆಟದ ನಡುವೆ ನೇರವಾಗಿ ಮೇಜಿನ ಮೇಲೆ ಇಳಿಸುವಾಗ. ಶತ್ರುವಿನಿಂದ 9 ಇಂಚಿಗಿಂತ ದೂರ ಇಳಿಸಬೇಕು. ಅದೇ ಸರದಿಯಲ್ಲಿ ಶತ್ರುವಿನ ಮೇಲೆ ನುಗ್ಗಲು ಎರಡು ದಾಳಗಳಲ್ಲಿ 9 ಅಥವಾ ಹೆಚ್ಚು ಬೀಳಬೇಕು. ಸಾಧ್ಯತೆ 36ರಲ್ಲಿ 10 ಮಾತ್ರ. ಅದನ್ನು ನೆಚ್ಚಬೇಡಿ, ನಡು ಠಾಣೆಯ ಮೇಲೇ ಇಳಿಸಿ, ಪವರ್ ಫಿಸ್ಟ್‌ (ಹತ್ತಿರದ ಕಾದಾಟದ ಆಯುಧ) ದಾಳಿಯನ್ನು ಮುಂದಿನ ಸರದಿಗೆ ಇಟ್ಟುಕೊಳ್ಳಿ. ನಡಿಗೆ 5 ಇಂಚು ಮಾತ್ರ, ತಪ್ಪು ಮೂಲೆಯಲ್ಲಿ ಇಳಿದರೆ ಆಟ ಮುಗಿಯುವವರೆಗೂ ಅಲ್ಲೇ.

ಮೊದಲ ಖರೀದಿಗೆ ಇಂಟರ್‌ಸೆಸರ್ ಪೆಟ್ಟಿಗೆಯೇ ಸರಿ.