ಗೋಡೆಯೊಳಗೆ ಸಿಕ್ಕಿಕೊಂಡ ಕಂದು ಎಳೆ: ನಮ್ಮ ಮನೆಯ ನೆಟ್‌ವರ್ಕ್ ವೈರಿಂಗ್, ಮೂರು ಮಳೆಗಾಲದ ನಂತರ

ಕುಮಟಾದ ಹತ್ತಿರ, ಸಮುದ್ರದಿಂದ ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ. 2022ರ ಮೇ ತಿಂಗಳಲ್ಲಿ ಗೃಹಪ್ರವೇಶ ಆಯಿತು. ಕಟ್ಟುವಾಗಲೇ ಆರು ಕಡೆ ಇಂಟರ್ನೆಟ್ ಪಾಯಿಂಟ್ ಕೊಡಿಸಿದ್ದೆವು. ಐದು ಪಾಯಿಂಟ್ ನೋಡಿದರೆ ಇವತ್ತಿಗೂ ಖುಷಿಯಾಗುತ್ತದೆ. ಇದನ್ನು ಬರೆಯಲು ಕೂತಿದ್ದು ಮಾತ್ರ ಆರನೆಯದರ ಸಲುವಾಗಿ.

ವೈಫೈ ಇದ್ದಮೇಲೆ ವಾಯರ್ ಯಾಕೆ ಎಂದು ಕೇಳುವವರು ನಮ್ಮ ಕಡೆಯ ಚಿರೆಕಲ್ಲಿನ ಮನೆಯಲ್ಲಿ ಇದ್ದು ನೋಡಬೇಕು. ಹಿಂದಿನ ಬಾಡಿಗೆ ಮನೆಯ ಗೋಡೆಯೂ ಚಿರೆಕಲ್ಲಿನದೇ. ರೌಟರ್ ಇದ್ದ ಕೋಣೆ ದಾಟಿ ಎರಡನೇ ಗೋಡೆ ಬಂತೆಂದರೆ ಸಿಗ್ನಲ್ ಸತ್ತೇ ಹೋಗುತ್ತಿತ್ತು. 2020ರ ಲಾಕ್‌ಡೌನ್‌ನಲ್ಲಿ ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಜಗಲಿಯ ಮೂಲೆಯಲ್ಲಿ ಕೂತೇ ಮಾಡಿದಳು. ಎದುರಿಗೆ ಮಳೆಯ ಇರಚಲು, ಕಿವಿಯಲ್ಲಿ ಮೀಟಿಂಗು. ಸ್ವಂತ ಮನೆ ಕಟ್ಟಿದರೆ ಅವಳಿಗೆ ಬಾಗಿಲು ಹಾಕಿಕೊಂಡು ಕೂರುವ ಕೋಣೆ ಇರಬೇಕು ಎಂದು ಆಗಲೇ ಅಂದುಕೊಂಡಿದ್ದೆ.

ಅಂಗಡಿಯಲ್ಲಿ ನೆಟ್‌ವರ್ಕ್ ವಾಯರಿನ ಎರಡು ಬಾಕ್ಸ್ ತೋರಿಸಿದರು. ಎರಡರ ಮೇಲೂ ಕ್ಯಾಟ್ 6 (ವಾಯರಿನ ದರ್ಜೆ), 305 ಮೀಟರ್ ಎಂದೇ ಬರೆದಿತ್ತು. ಒಂದರ ಬೆಲೆ ಇನ್ನೊಂದರ ಅರ್ಧ. ಮಗಳು ಬ್ಲೇಡಿನಿಂದ ಎಳೆಯನ್ನು ಕೆರೆದು ನೋಡಿದಳು. ಅಗ್ಗದ್ದರ ಒಳಗೆ ಬೆಳ್ಳಗಿತ್ತು. ಅಲ್ಯೂಮಿನಿಯಂ ಮೇಲೆ ತೆಳ್ಳಗೆ ತಾಮ್ರದ ಲೇಪ, ಅಷ್ಟೇ. ಪೂರ್ತಿ ತಾಮ್ರದ್ದನ್ನೇ ತಂದೆವು. ಅದಕ್ಕೆ 9,000 ರೂಪಾಯಿ ಹತ್ತಿರ ಆಯಿತು. ಪೈಪು, ಬಾಕ್ಸು, ಇಂಟರ್ನೆಟ್ಟನ್ನು ಎಲ್ಲ ಪಾಯಿಂಟಿಗೆ ಹಂಚುವ ಎಂಟು ಪೋರ್ಟಿನ ಸ್ವಿಚ್, ಕೂಲಿ ಎಲ್ಲ ಸೇರಿ 18,000. ಶಾಲೆ ಮಾಸ್ತರಿಕೆ ಸಂಬಳದಲ್ಲಿ ಅದು ಸಣ್ಣ ದುಡ್ಡಲ್ಲ. ಆದರೂ ಅಡುಗೆಮನೆಯ ಒಂದು ಕಪಾಟು ಕಡಿಮೆ ಮಾಡಿ ಅದನ್ನು ಹೊಂದಿಸಿದೆ.

ಮೊದಲ ಸುಖ ಸಿಕ್ಕಿದ್ದು ಅತ್ತೆಗೆ. ಅವರು ರಾತ್ರಿ ಊಟ ಮುಗಿಸಿ ಜಗಲಿಯ ಟಿವಿಯಲ್ಲಿ ಇಡಗುಂಜಿ ಮೇಳದ ಹಳೆಯ ಯಕ್ಷಗಾನದ ಆಟ ಹಾಕಿಸಿಕೊಳ್ಳುತ್ತಾರೆ. ಹಳೆಯ ಮನೆಯಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಹೊತ್ತಿಗೇ ಟಿವಿಯಲ್ಲಿ ಚಕ್ರ ತಿರುಗತೊಡಗುತ್ತಿತ್ತು. ಈಗ ಟಿವಿಗೆ ನೇರ ವಾಯರ್. ಮೂರು ವರ್ಷದಲ್ಲಿ ಒಂದು ಆಟವೂ ನಡುವೆ ನಿಂತಿಲ್ಲ. ರೌಟರ್ ಮತ್ತು ಸ್ವಿಚ್ಚನ್ನು ಇನ್ವರ್ಟರ್ ಲೈನಿಗೆ ಕೊಟ್ಟಿದ್ದರಿಂದ ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಸಾಗುತ್ತದೆ.

ಇನ್ನೊಂದು ಅಭ್ಯಾಸವೂ ತಾನಾಗಿ ಬಂತು. ಏಪ್ರಿಲ್, ಮೇನಲ್ಲಿ ಸಂಜೆ ಮೋಡ ಕಪ್ಪಾದ ಕೂಡಲೇ ಅತ್ತೆ ಕೂಗುತ್ತಾರೆ, "ಕೂಸೇ, ಗುಡುಗು ಬಂತು, ವಾಯರ್ ತೆಗಿ." ಆಂಟೆನಾ ಕಾಲದ ಮಾತು ಅದು. ಈಗಲೂ ಸರಿಯಾದ ಮಾತೇ. ಹೊರಗಿನಿಂದ ಬರುವ ಇಂಟರ್ನೆಟ್ ಲೈನಿನಲ್ಲಿ ಇರುವುದು ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಅಂಗಳದ ಕ್ಯಾಮೆರಾಕ್ಕೆ ಹೋದದ್ದು ತಾಮ್ರ. ನಾನು ಸ್ವಿಚ್ಚಿನ ಹತ್ತಿರ ಹೋಗಿ ಆ ಒಂದು ವಾಯರ್ ತೆಗೆಯುತ್ತೇನೆ, ರೌಟರಿನ ಪ್ಲಗ್ ಕೀಳುತ್ತೇನೆ. ಮಳೆ ನಿಂತಮೇಲೆ ಮತ್ತೆ ಸಿಕ್ಕಿಸಿ, "ಟಕ್" ಎಂದು ಕೂತ ಸದ್ದು ಕೇಳಿ, ಹಸಿರು ದೀಪ ಮಿಣುಕಿದ್ದನ್ನು ನೋಡಿಯೇ ಒಳಗೆ ಬರುತ್ತೇನೆ. ಆ ಕ್ಯಾಮೆರಾದ ಕನೆಕ್ಟರ್ ಎರಡನೇ ಮಳೆಗಾಲಕ್ಕೇ ಹಸಿರು ಕಿಲುಬು ಹಿಡಿದಿತ್ತು. ಉಪ್ಪುಗಾಳಿ ಬಿಡುತ್ತದೆಯೇ? ಈಗ ಮುಚ್ಚಳ ಇರುವ ಡಬ್ಬಿಯೊಳಗೆ ಇಟ್ಟಿದ್ದೇವೆ.

ಈಗ ಆರನೆಯದರ ಮಾತು. ಅದು ಮೇಲಿನ ಕೋಣೆ, ಮಗಳದ್ದು. ಯಾರಿಗಾಗಿ ಇದನ್ನೆಲ್ಲ ಮಾಡಿಸಿದೆನೋ ಅವಳದ್ದೇ.

ಉಳಿದ ಎಲ್ಲ ಕಡೆ 25 ಎಂಎಂ ಪೈಪು ಹಾಕಿ, ಕರೆಂಟಿನ ಪೈಪಿನಿಂದ ಒಂದು ಅಡಿ ದೂರ ಬಿಟ್ಟು ಎಳೆದಿದ್ದರು. ಮೇಲಿನ ಕೋಣೆಗೆ ಬರುವಾಗ ಪೈಪು ಮುಗಿದಿತ್ತು. ಪ್ಲಾಸ್ಟರಿನವರು ಕಾಯುತ್ತಿದ್ದರು. ವೈರಿಂಗ್ ಹುಡುಗ ಹೇಳಿದ, "ಅಕ್ಕೋರೆ, ಇದೊಂದೇ ವಾಯರ್ ಅಲ್ವಾ? ಗೋಡೆ ಕೊರೆದು ಹಾಗೇ ಕೂರಿಸಿಬಿಡ್ತೇನೆ." ನನಗೆ ಪೇಪರ್ ತಿದ್ದುವ ಗಡಿಬಿಡಿ. ಆಯ್ತು ಮಾರಾಯಾ ಅಂದೆ.

ಮಗಳು 200 ಎಂಬಿಪಿಎಸ್ ವೇಗದ ಪ್ಲಾನ್ ಹಾಕಿಸಿದಳು. ಮೇಲಿನ ಕೋಣೆಯಲ್ಲಿ ಎಷ್ಟು ಸಲ ನೋಡಿದರೂ 94. ಅದರ ಮೇಲೆ ಒಂದಿಷ್ಟೂ ಏರುತ್ತಿರಲಿಲ್ಲ. ಮೂರು ತಿಂಗಳು ಇಂಟರ್ನೆಟ್ ಕಂಪನಿಯ ಜೊತೆ ಫೋನಿನಲ್ಲಿ ಜಗಳ ಆಡಿದೆ. ಕೊನೆಗೆ ಅವರ ಹುಡುಗ ಬಂದು ರೌಟರಿಗೇ ಲ್ಯಾಪ್‌ಟಾಪ್ ಹಚ್ಚಿ ತೋರಿಸಿದ: ಪೂರ್ತಿ 200. ತಪ್ಪು ನಮ್ಮ ಗೋಡೆಯೊಳಗೇ ಇತ್ತು. ಆ ಮೂರು ತಿಂಗಳ ಮಾತಿಗಾಗಿ ಅವನ ಹತ್ತಿರ ತಪ್ಪಾಯ್ತು ಎಂದು ಹೇಳಿದೆ.

ಅವನೇ ಟೆಸ್ಟರ್ ಹಚ್ಚಿದ. ಕೇಬಲ್ಲಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. ಟೆಸ್ಟರಿನ ಎಂಟು ದೀಪ ಒಂದಾದ ಮೇಲೊಂದು ಹತ್ತಬೇಕು. ಏಳರ ತನಕ ಹತ್ತಿತು, ಎಂಟನೆಯದು ಹತ್ತಲಿಲ್ಲ. ಅದು ಕಂದು ಬಣ್ಣದ ಎಳೆ. ಲೈನಿನ ವೇಗದಲ್ಲಿ 100ರ ಮೇಲಿನ ಮೆಟ್ಟಿಲು 1000 ಎಂಬಿಪಿಎಸ್, ಅದಕ್ಕೆ ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡೇ ಜೋಡಿ ಸಾಕು, 1, 2, 3 ಮತ್ತು 6ನೇ ಎಳೆ. ಹಾಗಾಗಿ ಲೈನು ಸಾಯಲಿಲ್ಲ, 100ಕ್ಕೆ ಇಳಿದು (ಅದರಲ್ಲಿ ನಮ್ಮ ಕೈಗೆ ಸಿಗುವುದು ಆ 94) ಸುಮ್ನೆ ನಡೆಯುತ್ತಿತ್ತು. ಪೂರ್ತಿ ನಿಂತಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಎರಡೂ ತುದಿ ಬಿಚ್ಚಿ ಹೊಸದಾಗಿ ಕೂರಿಸಿ ನೋಡಿದರೂ ಅಷ್ಟೇ. ಮೆಟ್ಟಿಲಿನ ಮೂಲೆಯಲ್ಲಿ ವಾಯರನ್ನು ಲಟಕ್ಕನೆ ಮಡಚಿದ್ದು ನನಗೆ ನೆನಪಿದೆ. ವಾಯರಿನ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಬಾಗಿಸಬಾರದಂತೆ. ಅಲ್ಲೇ ತುಂಡಾಗಿರಬೇಕು. ಪೈಪು ಇದ್ದಿದ್ದರೆ ಹಳೆಯದಕ್ಕೆ ಹೊಸದನ್ನು ಕಟ್ಟಿ ಎಳೆದುಬಿಡಬಹುದಿತ್ತು. ಕೆಳಗಿನ ಕೋಣೆಯದನ್ನು ಇಲಿ ಕಚ್ಚಿದಾಗ ಹಾಗೇ ಅರ್ಧ ಗಂಟೆಯಲ್ಲಿ ಬದಲಿಸಿದ್ದೆವು. ಇಲ್ಲಿ ಗೋಡೆ ಒಡೆಯಬೇಕು.

ವೈರಿಂಗ್ ಹುಡುಗನ ಮೇಲೆ ತುಂಬ ಸಿಟ್ಟಿತ್ತು. ಹೇಳಿ ಕಳಿಸಿದ ಮರುದಿನವೇ ಉಳಿ, ಸುತ್ತಿಗೆ ಹಿಡಿದು ಬಂದ. "ದುಡ್ಡು ಬೇಡ ಅಕ್ಕೋರೆ, ನಾನೇ ಒಡೆದು ಪೈಪು ಹಾಕಿ ಕೊಡ್ತೇನೆ" ಅಂದ. ಮಗಳು ಬೇಡವೆಂದಳು. "ಅಮ್ಮಾ, ಮೀಟಿಂಗಿಗೆ ನಾಲ್ಕು ಎಂಬಿಪಿಎಸ್ ಸಾಕು. ಬಾಗಿಲು ಹಾಕಿ ಕೂತು ಕೆಲಸ ಮಾಡ್ತಿದ್ದೇನಲ್ಲ." ಅವಳು ಹೇಳಿದ್ದು ನಿಜ. ಎರಡು ವರ್ಷದಲ್ಲಿ ಅವಳ ಮೀಟಿಂಗ್ ಒಮ್ಮೆಯೂ ಕಡಿದಿಲ್ಲ. ಐದಕ್ಕೆ ಐದು ಅಂಕ ಕೊಡಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ. ನಾಲ್ಕು ಕೊಡುತ್ತೇನೆ.

ಬಾಕ್ಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ವಾಯರ್ ಉಳಿದಿತ್ತು. ಅಂಕೋಲೆಯಲ್ಲಿ ನಾದಿನಿ ಮನೆ ಕಟ್ಟಿಸುತ್ತಿದ್ದಾಳೆ, ಅವಳಿಗೆ ಕೊಟ್ಟೆ. ಅಲ್ಲಿಯ ವೈರಿಂಗ್ ಕೂಡ ಅದೇ ಹುಡುಗನದ್ದು. ಹೋದ ವಾರ ಅವನು ಫೋಟೋ ಕಳಿಸಿದ. ಮೇಲಿನ ಕೋಣೆಯ ಗೋಡೆ, ಇನ್ನೂ ಪ್ಲಾಸ್ಟರ್ ಆಗಿಲ್ಲ. ಮೂಲೆಯಲ್ಲಿ ಅಗಲವಾಗಿ ಬಾಗಿದ ಬಿಳಿ ಪೈಪು, ಪಕ್ಕದಲ್ಲಿ ಅಳತೆಯ ಟೇಪು. ಪೈಪಿನ ಬಾಯಿಯಿಂದ ಒಂದು ನೈಲಾನ್ ದಾರ ಹೊರಗೆ ಇಳಿಬಿದ್ದಿತ್ತು.