ಹಿತ್ತಲಿನ ಹಕ್ಕಿಗಳಿಗಾಗಿ ಕೊಂಡ ಹೈಡ್ ಡೇರೆ: ಐದು ಮಳೆಗಾಲ ಬಳಸಿದ ಮೇಲೆ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಹಿಂದೆ ಸುಮಾರು ನಲವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಹಿತ್ತಲಿದೆ. ಎರಡು ಪೇರಲ ಗಿಡ, ಒಂದು ಗಸಗಸೆ ಹಣ್ಣಿನ ಮರ, ಕರಿಬೇವು, ದಾಸವಾಳ ಮತ್ತು ಕಾಂಪೌಂಡಿಗೆ ಒರಗಿ ಬೆಳೆದ ಹಳೆಯ ಮಲ್ಲಿಗೆ ಬಳ್ಳಿ ಅಲ್ಲಿವೆ. ಇಷ್ಟಕ್ಕೇ ಪಿಕಳಾರ, ಸೂರಕ್ಕಿ, ಸಿಂಪಿಗ, ಮಡಿವಾಳ ಹಕ್ಕಿ, ಬೆಳ್ಗಣ್ಣ, ಹರಟೆಮಲ್ಲ, ಕೆಂಬೂತ, ಕಂಚುಕುಟಿಗಗಳು ದಿನವೂ ಬಂದು ಹೋಗುತ್ತವೆ. ಹಲವು ವರ್ಷ ಇವುಗಳ ಚಿತ್ರಗಳನ್ನು ಅಡುಗೆಮನೆಯ ಕಿಟಕಿಯಿಂದಲೇ ತೆಗೆಯುತ್ತಿದ್ದೆ. ನನ್ನಲ್ಲಿರುವುದು 24 ಮೆಗಾಪಿಕ್ಸೆಲ್‌ನ ಹಳೆಯ ಡಿಎಸ್ಎಲ್ಆರ್ ಮತ್ತು 70-300 ಎಂಎಂ ಲೆನ್ಸ್ (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ). ಹಕ್ಕಿ ಯಾವುದೆಂದು ಗುರುತಿಸಲು ಆ ಚಿತ್ರಗಳು ಸಾಕಾಗುತ್ತಿದ್ದವು, ಆದರೆ ಗರಿಯ ಎಳೆಗಳನ್ನಾಗಲಿ ಕಣ್ಣಿನ ಹೊಳಪನ್ನಾಗಲಿ ಅವು ತೋರಿಸುತ್ತಿರಲಿಲ್ಲ. 600 ಎಂಎಂ ಲೆನ್ಸ್ ಕೊಳ್ಳಬೇಕೆಂದು ಹಣ ಕೂಡಿಸುತ್ತಿದ್ದವನು 2020ರ ನವೆಂಬರ್‌ನಲ್ಲಿ ಮನಸ್ಸು ಬದಲಿಸಿ, ಐದು ಸಾವಿರ ರೂಪಾಯಿಯ ಒಳಗೆ ಸಿಕ್ಕ, ಹಕ್ಕಿಗಳಿಗೆ ಕಾಣದಂತೆ ಒಬ್ಬರು ಒಳಗೆ ಅಡಗಿ ಕೂರಬಹುದಾದ ಹೈಡ್ ಡೇರೆಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಇಂತಹ ಡೇರೆಗಳನ್ನು ಹಲವರು ಹೆಚ್ಚುಕಡಿಮೆ ಒಂದೇ ನಮೂನೆಯಲ್ಲಿ ತಯಾರಿಸುವುದರಿಂದ ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ.

ಮನಸ್ಸು ಬದಲಾಗಲು ಕಾರಣವಾದದ್ದು ಕಾಗದದ ಮೇಲೆ ಮಾಡಿದ ಒಂದು ಸಣ್ಣ ಲೆಕ್ಕ. ನನ್ನ ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್ ಸುಮಾರು 23.5 ಮಿಲಿಮೀಟರ್ ಅಗಲವಿದೆ. 300 ಎಂಎಂನಲ್ಲಿ, ಕಿಟಕಿಯಿಂದ ಹತ್ತು ಮೀಟರ್ ದೂರದ ಕೊಂಬೆಯನ್ನು ನೋಡಿದರೆ ಚೌಕಟ್ಟಿನೊಳಗೆ 78 ಸೆಂಟಿಮೀಟರ್ ಅಗಲದ ಜಾಗ ಬರುತ್ತದೆ; ಹದಿಮೂರು ಸೆಂಟಿಮೀಟರ್‌ನ ಸಿಂಪಿಗ ಹಕ್ಕಿ ಅದರಲ್ಲಿ ಆರನೆಯ ಒಂದು ಭಾಗ, ಅಂದರೆ ಚಿತ್ರದ ಅಗಲದ ಆರು ಸಾವಿರ ಪಿಕ್ಸೆಲ್‌ಗಳಲ್ಲಿ ಬರೀ ಒಂದು ಸಾವಿರ. ಅದೇ ಹಕ್ಕಿ ನಾಲ್ಕು ಮೀಟರ್ ದೂರದಲ್ಲಿ ಕೂತರೆ ಚೌಕಟ್ಟು 31 ಸೆಂಟಿಮೀಟರ್‌ಗೆ ಇಳಿದು, ಹಕ್ಕಿಗೆ ಎರಡೂವರೆ ಸಾವಿರ ಪಿಕ್ಸೆಲ್ ಸಿಗುತ್ತದೆ. ಕಿಟಕಿಯಲ್ಲೇ ಕೂತು 600 ಎಂಎಂ ಲೆನ್ಸ್ ಬಳಸಿದ್ದರೂ ಎರಡು ಸಾವಿರವನ್ನಷ್ಟೇ ಪಡೆಯುತ್ತಿದ್ದೆ, ಜೊತೆಗೆ ಗಾಜಿನ ಮಸುಕು ಮತ್ತು ಮೇಲಿನಿಂದ ಕೆಳಗೆ ನೋಡುವ ಕೋನ ಹಾಗೆಯೇ ಉಳಿಯುತ್ತಿದ್ದವು. ಹಕ್ಕಿಗೆ ಹತ್ತಿರವಾಗುವುದೇ ಅಗ್ಗದ ದಾರಿ ಎಂಬುದು ಅಂದು ತಿಳಿಯಿತು.

ಡೇರೆಯ ವಿಷಯಕ್ಕೆ ಬರುತ್ತೇನೆ. ತಳ ನಾಲ್ಕು ಅಡಿ ಚೌಕ, ಎತ್ತರ ಐದು ಅಡಿ, ಬಟ್ಟೆ ಎಲೆಬಣ್ಣದ ಪಾಲಿಯೆಸ್ಟರ್. ಒಳಗೆ ಸ್ಪ್ರಿಂಗ್ ಉಕ್ಕಿನ ಪಟ್ಟಿಗಳಿರುವುದರಿಂದ ಚೀಲದಿಂದ ತೆಗೆದೊಡನೆ ತಾನೇ ಬಿಚ್ಚಿಕೊಂಡು ನಿಲ್ಲುತ್ತದೆ. ಮಡಚುವುದು ಅಷ್ಟು ಸುಲಭವಲ್ಲ: ಎರಡು ಮೂಲೆಗಳನ್ನು ಕೂಡಿಸಿ ಎಂಟರ ಆಕಾರದಲ್ಲಿ ತಿರುಚಿ ವೃತ್ತವಾಗಿಸುವ ಆ ವಿದ್ಯೆ ಕೈಗೆ ಹತ್ತಲು ನನಗೆ ಒಂದು ವಾರ ಬೇಕಾಯಿತು. ಮೂರು ಕಡೆ ಜಿಪ್ ಇರುವ ಕಿಟಕಿಗಳು, ಅವುಗಳಿಗೆ ಜಾಲರಿ ಪರದೆ ಇವೆ. ಚಿಕ್ಕ ಸ್ಟೂಲು, ಟ್ರೈಪಾಡು, ನೀರಿನ ಬಾಟಲಿ ಇಟ್ಟುಕೊಂಡು ಒಬ್ಬರು ಕೂತರೆ ಮೊಣಕೈ ಆಡಿಸುವಷ್ಟು ಜಾಗ ಉಳಿಯುತ್ತದೆ.

ಮೊದಲ ಹದಿನೈದು ದಿನ ಒಂದು ಒಳ್ಳೆಯ ಚಿತ್ರವೂ ಸಿಗಲಿಲ್ಲ. ತಪ್ಪು ಡೇರೆಯದಲ್ಲ, ನನ್ನದು. ಡೇರೆ ನಿಲ್ಲಿಸಿದ ದಿನವೇ ಒಳಗೆ ಹೋಗಿ ಕೂತಿದ್ದೆ. ಹಿತ್ತಲಿನ ಹಕ್ಕಿಗಳಿಗೆ ಅಲ್ಲಿಯ ಪ್ರತಿ ಕಲ್ಲು, ಪ್ರತಿ ಕೊಂಬೆಯ ಪರಿಚಯವಿರುತ್ತದೆ. ರಾತ್ರೋರಾತ್ರಿ ಎದ್ದುನಿಂತ ಹಸಿರು ಗುಡ್ಡೆಯನ್ನು ಅವು ನಂಬುವುದಿಲ್ಲ. ಆಮೇಲೆ ಡೇರೆಯನ್ನು ಒಂದೇ ಜಾಗದಲ್ಲಿ ಬಿಟ್ಟು, ಕಿಟಕಿಯ ಸಂದಿಯಲ್ಲಿ ಲೆನ್ಸಿನ ಬದಲು ಕಪ್ಪು ಬಟ್ಟೆ ಸುತ್ತಿದ ಖಾಲಿ ಬಾಟಲಿಯನ್ನು ಇಟ್ಟು, ಎರಡು ವಾರ ಅತ್ತ ಸುಳಿಯಲೇ ಇಲ್ಲ. ಮೂರನೆಯ ವಾರ ಬಾಟಲಿ ತೆಗೆದು ಲೆನ್ಸ್ ಇಟ್ಟಾಗ ಮಡಿವಾಳ ಹಕ್ಕಿ ಡೇರೆಯ ನೆತ್ತಿಯ ಮೇಲೆಯೇ ಕೂತು ಹಾಡಿತು. ನನ್ನ ತಲೆಯಿಂದ ಎರಡು ಅಡಿ ಮೇಲೆ, ತೆಳು ಬಟ್ಟೆಯ ಆಚೆ, ಅದರ ಉಗುರುಗಳ ಗುರುತು ಕಾಣುತ್ತಿತ್ತು. ಆ ಬೆಳಿಗ್ಗೆ ಚಿತ್ರ ತೆಗೆಯುವ ನೆನಪೇ ಆಗಲಿಲ್ಲ.

ಒಳಗೆ ಹೋಗುವಾಗ ಇನ್ನೊಂದು ಹಳೆಯ ಉಪಾಯವೂ ನೆರವಾಗುತ್ತದೆ. ಇಬ್ಬರು ಕೂಡಿ ಡೇರೆಗೆ ಹೋಗಿ, ಒಬ್ಬರು ಎಲ್ಲರಿಗೂ ಕಾಣುವಂತೆ ಮನೆಗೆ ಮರಳಿದರೆ, ಪಿಕಳಾರ, ಸೂರಕ್ಕಿ, ಚೋರೆಹಕ್ಕಿಗಳು ಅಪಾಯ ಕಳೆಯಿತೆಂದು ಹತ್ತು ನಿಮಿಷದಲ್ಲಿ ಮರಳುತ್ತವೆ. ನನ್ನ ಹೆಂಡತಿ ಐದು ವರ್ಷದಿಂದ ಈ ಕೆಲಸವನ್ನು ಬೇಸರವಿಲ್ಲದೆ ಮಾಡಿಕೊಟ್ಟಿದ್ದಾಳೆ. ಕಾಗೆಗಳ ಮುಂದೆ ಮಾತ್ರ ಈ ಉಪಾಯ ಒಮ್ಮೆಯೂ ನಡೆದಿಲ್ಲ.

ಡೇರೆಯಷ್ಟೇ ಮುಖ್ಯವಾದದ್ದು ಅದರ ಎದುರಿನ ನೀರು. ನಾನು ಕಾಳು ಹಾಕುವುದಿಲ್ಲ. ಕಾಳಿಗೆ ಪಾರಿವಾಳ, ಗೊರವಂಕ, ಕಾಗೆಗಳು ಬಂದು ಚಿಕ್ಕ ಹಕ್ಕಿಗಳನ್ನು ಓಡಿಸುತ್ತವೆ. ಕುಂಬಾರರಿಂದ ತಂದ ಅಗಲ ಬಾಯಿಯ ಮಣ್ಣಿನ ಪರಾತದಲ್ಲಿ ಎರಡು ಬೆರಳು ನೀರು, ನಡುವೆ ಒಂದು ಒರಟು ಕಲ್ಲು, ಪಕ್ಕದಲ್ಲಿ ನೆಟ್ಟ ಒಣ ಪೇರಲ ಕೊಂಬೆ, ಇಷ್ಟೇ ವ್ಯವಸ್ಥೆ. ಹಕ್ಕಿ ನೀರಿಗೆ ಇಳಿಯುವ ಮೊದಲು ಆ ಕೊಂಬೆಯ ಮೇಲೆ ಕೂತು ಸುತ್ತ ನೋಡುತ್ತದೆ. ಚಿತ್ರ ಸಿಗುವುದು ಆ ಕ್ಷಣಗಳಲ್ಲಿಯೇ. ಕೊಂಬೆಯ ಹಿಂದೆ ಐದು ಮೀಟರ್ ಖಾಲಿ ಬಿಟ್ಟು ಆಚೆ ಮಲ್ಲಿಗೆ ಬಳ್ಳಿ ಇರುವುದರಿಂದ ಹಿನ್ನೆಲೆ ಮೆತ್ತಗೆ ಹಸಿರಾಗಿ ಕರಗುತ್ತದೆ. ನೀರನ್ನು ದಿನವೂ ಚೆಲ್ಲಿ, ಪರಾತವನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ಇಲ್ಲವಾದರೆ ಪಾಚಿ ಕಟ್ಟುತ್ತದೆ, ಸೊಳ್ಳೆಯ ಮರಿಗಳಾಗುತ್ತವೆ, ಹಕ್ಕಿಗಳಿಗೆ ರೋಗ ಹರಡುವುದಕ್ಕೂ ದಾರಿಯಾಗುತ್ತದೆ.

ಹತ್ತಿರದಿಂದ ತೆಗೆಯುವುದರಲ್ಲಿ ಒಂದು ತೊಡಕಿದೆ, ಅದನ್ನು ಮೊದಲೇ ಅರಿತಿರುವುದು ಒಳ್ಳೆಯದು. ನಾಲ್ಕು ಮೀಟರ್ ದೂರದಲ್ಲಿ 300 ಎಂಎಂ, ಎಫ್/5.6ರಲ್ಲಿ (ಎಫ್ ಎಂದರೆ ಲೆನ್ಸಿನ ಕಂಡಿಯ ಅಳತೆ; ಸಂಖ್ಯೆ ಏರಿದಷ್ಟೂ ಕಂಡಿ ಕಿರಿದಾಗಿ ಬೆಳಕು ಕಡಿಮೆಯಾಗುತ್ತದೆ) ಸ್ಪಷ್ಟವಾಗಿ ಕಾಣುವ ಆಳ ಬರೀ ನಾಲ್ಕು ಸೆಂಟಿಮೀಟರ್. ಮಡಿವಾಳ ಹಕ್ಕಿ ಓರೆಯಾಗಿ ಕೂತರೆ ಕಣ್ಣು ಸ್ಪಷ್ಟವಾಗಿದ್ದು ಬಾಲ ಮಸುಕಾಗುತ್ತದೆ. ಎಫ್/8ಕ್ಕೆ ಹೋದರೆ ಆಳ ಆರು ಸೆಂಟಿಮೀಟರ್ ಸಮೀಪಕ್ಕೆ ಬರುತ್ತದೆ, ಆದರೆ ಮರದ ನೆರಳಿನಲ್ಲಿ ಐಎಸ್ಒ ಅನ್ನು, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, 3200ಕ್ಕೆ ಏರಿಸಬೇಕಾಗುತ್ತದೆ. ನಾನು ಸಾಮಾನ್ಯವಾಗಿ ಎಫ್/6.3, ಸೆಕೆಂಡಿನ 1/500 ಶಟರ್ ವೇಗ, ಕಣ್ಣಿನ ಮೇಲೆ ಒಂದೇ ಫೋಕಸ್ ಬಿಂದು ಇಟ್ಟುಕೊಂಡು, ಹಕ್ಕಿ ಪಕ್ಕಕ್ಕೆ ತಿರುಗುವವರೆಗೆ ಕಾಯುತ್ತೇನೆ. ಇನ್ನೊಂದು ತೊಡಕು ಸದ್ದಿನದು. ಹತ್ತು ಮೀಟರ್ ದೂರಕ್ಕೆ ಕೇಳದ, ಚಿತ್ರ ತೆಗೆಯುವಾಗ ಕ್ಯಾಮೆರಾದೊಳಗಿನ ಕನ್ನಡಿ ಮಾಡುವ ಟಪ್ ಸದ್ದು ನಾಲ್ಕು ಮೀಟರ್‌ಗೆ ಚೆನ್ನಾಗಿಯೇ ಕೇಳುತ್ತದೆ, ಬೆಳ್ಗಣ್ಣಗಳ ಗುಂಪು ಮೊದಲ ಸದ್ದಿಗೇ ಹಾರುತ್ತದೆ. ಸದ್ದಿಲ್ಲದೆ ಚಿತ್ರ ತೆಗೆಯುವ ಸೈಲೆಂಟ್ ಶಟರ್ ಇರುವ, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ ಹೈಡ್‌ನ ಪೂರ್ತಿ ಲಾಭ ಸಿಗುತ್ತದೆ.

ಹವಾಮಾನದ ವಿಷಯದಲ್ಲಿ ಈ ಡೇರೆ ನನಗೆ ಬೇಸರ ತರಿಸಿದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹೊರಗೆ 36 ಡಿಗ್ರಿ ಇದ್ದಾಗ ಒಳಗೆ ಇಟ್ಟ ಮಾಪಕ 41 ತೋರಿಸಿತು. ಪಾಲಿಯೆಸ್ಟರ್ ಉಸಿರಾಡುವುದಿಲ್ಲ, ಕಿಟಕಿ ತೆರೆದರೆ ಹಿಂದಿನಿಂದ ಬೆಳಕು ಬಂದು ಒಳಗಿನ ನೆರಳು ಹೊರಗೆ ಕಾಣುತ್ತದೆ. ಈಗ ಡೇರೆಯನ್ನು ಪೇರಲ ಗಿಡದ ಬುಡದಲ್ಲಿ ನಿಲ್ಲಿಸಿ, ಬೆಳಿಗ್ಗೆ ಎಂಟೂವರೆಯೊಳಗೆ ಮತ್ತು ಸಂಜೆ ನಾಲ್ಕರ ನಂತರ ಮಾತ್ರ ಕೂರುತ್ತೇನೆ. ಮಳೆಗಾಲದ ಸಮಸ್ಯೆ ಬೇರೆ. ಧಾರವಾಡದ ಜುಲೈ ಎಂದರೆ ದಿನಗಟ್ಟಲೆ ಬಿಡದ ಜಿಟಿಜಿಟಿ ಮಳೆ. ಜಾಹೀರಾತಿನಲ್ಲಿ ನೀರು ನಿರೋಧಕವೆಂದು ಹೇಳಿದ್ದರೂ ಎರಡನೆಯ ಮಳೆಗಾಲದಲ್ಲಿಯೇ ಹೊಲಿಗೆಗಳಿಂದ ನೀರು ಒಸರಿತು, ಬಟ್ಟೆಯ ಒಳಮೈಗೆ ಬೂಷ್ಟು ಹಿಡಿಯಿತು. ಮೂರನೆಯ ವರ್ಷ ಬಿಸಿಲಿಗೆ ಬಣ್ಣ ಹಾರಿದ ಮೇಲ್ಚಾವಣಿ ಕೈಯಿಟ್ಟಲ್ಲಿ ಹರಿಯಿತು. ಕೆಮ್ಮಣ್ಣಿನ ಧೂಳು ಹೊಕ್ಕು ಒಂದು ಜಿಪ್ಪು ಕಚ್ಚಿಕೊಂಡಿತು. ಮಾರಿದವರಿಗೆ ಎರಡು ಸಲ ಬರೆದರೂ ಉತ್ತರ ಬರಲಿಲ್ಲ. ಕೊನೆಗೆ ಹುಬ್ಬಳ್ಳಿಯ ದುರ್ಗದ ಬೈಲಿನ ಸಮೀಪದ ದರ್ಜಿಯೊಬ್ಬರು ದಪ್ಪ ಹತ್ತಿಯ ಕ್ಯಾನ್ವಾಸಿನ ಚಾವಣಿ ಹೊಲಿದು, ಹೊಸ ಜಿಪ್ಪು ಕೂಡಿಸಿಕೊಟ್ಟರು. ಆ ಚಾವಣಿ ಬಂದ ಮೇಲೆ ಒಳಗಿನ ಸೆಕೆಯೂ ಕಡಿಮೆಯಾಗಿದೆ, ಗಾಳಿಗೆ ಬಟ್ಟೆ ಪಟಪಟ ಬಡಿಯುವುದೂ ನಿಂತಿದೆ.

ತೊಳೆಯುವುದಿದ್ದರೆ ಬರೀ ನೀರಿನಲ್ಲಿ ತೊಳೆಯಿರಿ. ಬಟ್ಟೆ ಸೋಪಿನ ಪುಡಿಗಳಲ್ಲಿ ಬಿಳುಪು ಹೆಚ್ಚಿಸಲು ಬೆರೆಸುವ ರಾಸಾಯನಿಕವು ನೇರಳಾತೀತ ಬೆಳಕನ್ನು ನೀಲಿ ಹೊಳಪಾಗಿ ಬದಲಿಸುತ್ತದೆ. ನಮಗಿಂತ ಸೂಕ್ಷ್ಮವಾಗಿ ಬಣ್ಣ ಕಾಣುವ ಹಕ್ಕಿಗಳ ಎದುರು ಮರೆಯನ್ನೇ ಮಿನುಗುವಂತೆ ಮಾಡಿ ಫಲವಿಲ್ಲ.

ಡೇರೆ ಮಡಚಿಡಲೇಬೇಕಾದ ಕಾಲವೂ ಇದೆ. 2022ರ ಮಳೆಗಾಲದ ಆರಂಭದಲ್ಲಿ ಡೇರೆಯಿಂದ ಆರು ಅಡಿ ದೂರದ ದಾಸವಾಳದ ಎಲೆಗಳನ್ನು ಹೊಲಿದು ಸಿಂಪಿಗ ಗೂಡು ಮಾಡಿತು. ಹೈಡ್ ಇರುವಾಗ ತೊಂದರೆಯಾಗದು ಎಂದು ಮೊದಲ ದಿನ ಕೂತೆ. ತಾಯಿ ಹಕ್ಕಿ ಬಾಯಲ್ಲಿ ನೂಲಿನೆಳೆ ಹಿಡಿದು, ಗೂಡಿಗೆ ಬರದೆ ಇಪ್ಪತ್ತು ನಿಮಿಷ ಬೇಲಿಯ ಮೇಲೆ ಕೂಗುತ್ತಲೇ ಇತ್ತು. ಅಂದೇ ಡೇರೆ ತೆಗೆದೆ. ಮರಿಗಳು ಹಾರುವವರೆಗೆ ಐದು ವಾರ ಹಿತ್ತಲಿನ ಆ ಮೂಲೆಗೆ ನಾವಾರೂ ಹೋಗಲಿಲ್ಲ. ಗೂಡಿನ ಚಿತ್ರವೊಂದೂ ನನ್ನ ಸಂಗ್ರಹದಲ್ಲಿಲ್ಲ, ಇರುವುದೂ ಬೇಡ.

ಕಿಟಕಿಯ ಕಾಲದಲ್ಲಿ ನಮ್ಮ ಹಿತ್ತಲಿನ ಪಟ್ಟಿಯಲ್ಲಿ ಇಪ್ಪತ್ತೆರಡು ಹಕ್ಕಿಗಳಿದ್ದವು, ಈಗ ಮೂವತ್ತೇಳಿವೆ. ಹೊಸವು ಬಂದವೆಂದಲ್ಲ, ಇದ್ದವನ್ನೇ ಕಂಡಿರಲಿಲ್ಲ. ಕಿತ್ತಳೆ ನೆಲಸಿಳ್ಳಾರ ತರಗೆಲೆ ಮಗುಚುತ್ತ ಪರಾತದವರೆಗೆ ಬರುವುದನ್ನು, ಚಳಿಗಾಲದಲ್ಲಿ ರಾಜಹಕ್ಕಿ ಹಾರುತ್ತಲೇ ನೀರಿಗೆ ಮುಳುಗಿ ಏಳುವುದನ್ನು ನೋಡಿದ್ದು ಡೇರೆಯೊಳಗಿನಿಂದಲೇ. ಒಂದು ಅಕ್ಟೋಬರ್‌ನಲ್ಲಿ ದಕ್ಷಿಣಕ್ಕೆ ವಲಸೆ ಹೊರಟ ನವರಂಗ ಮೂರು ದಿನ ಕರಿಬೇವಿನ ಅಡಿಯಲ್ಲಿ ತಂಗಿತ್ತು. ಅದರ ಹೊಟ್ಟೆಯಡಿಯ ಕಡುಗೆಂಪು ಮೂರೂವರೆ ಮೀಟರ್‌ನಿಂದ ಹೇಗೆ ಕಾಣುತ್ತದೆಂದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಒಂದು ಗಂಟೆ ಮೈ ಅಲುಗಿಸದೆ ಕೂರಲಾಗದವರಿಗೆ, ಬೆನ್ನುನೋವು ಇರುವವರಿಗೆ, ಮನೆಯಲ್ಲಿ ನಾಯಿ ಅಥವಾ ಬೆಕ್ಕು ಹಿತ್ತಲಿನಲ್ಲಿ ತಿರುಗಾಡುತ್ತಿದ್ದರೆ ಇದನ್ನು ಕೊಳ್ಳಿರೆಂದು ನಾನು ಹೇಳಲಾರೆ. ಉಳಿದವರು ಕೊಳ್ಳುವಾಗ ಕಿಟಕಿಗಳು ನೆಲದಿಂದ ಎರಡು ಅಡಿಯ ಒಳಗೆ ಆರಂಭವಾಗುತ್ತವೆಯೇ ಎಂದು ಅಳೆದು ನೋಡಿ. ನನ್ನ ಡೇರೆಯ ಕಿಟಕಿ ಮೂರು ಅಡಿಯಲ್ಲಿದೆ, ಹೀಗಾಗಿ ನೆಲದ ಮೇಲಿನ ಪರಾತವನ್ನು ನಾಲ್ಕು ಇಟ್ಟಿಗೆಗಳ ಕಟ್ಟೆಯ ಮೇಲೆ ಏರಿಸಬೇಕಾಯಿತು.